ಊರಿಗೆಲ್ಲ ಗೊತ್ತಾಗುವ ಕಾಯಿಲೆ: ಕೊಡಗಿನ ಆಸ್ಪತ್ರೆಗಳಲ್ಲಿ ರೋಗಿಯ ಗುಟ್ಟು ಎಲ್ಲಿ ಸೋರುತ್ತದೆ?

ಆಸ್ಪತ್ರೆಯ ಮಾಹಿತಿ ಸೋರಿಕೆ ಅಂದ ಕೂಡಲೇ ಎಲ್ಲರಿಗೂ ಹ್ಯಾಕರ್ ನೆನಪಾಗುತ್ತಾನೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ಆಯಿತು. ಎರಡು ವಾರದ ಹತ್ತಿರ ಅಲ್ಲಿ ಚೀಟಿ, ರಿಪೋರ್ಟ್ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. 2024ರಲ್ಲಿ ಒಂದು ದೊಡ್ಡ ಆರೋಗ್ಯ ವಿಮಾ ಕಂಪನಿಯ ಗ್ರಾಹಕರ ವಿವರಗಳು ಟೆಲಿಗ್ರಾಂನಲ್ಲಿ ಸಿಗುತ್ತಿದ್ದವು. ಇವೆಲ್ಲ ದೊಡ್ಡ ವಿಷಯಗಳೇ. ಆದರೆ ಕೊಡಗಿನಲ್ಲಿ ಒಬ್ಬರ ಕಾಯಿಲೆ ಊರಿಗೆ ತಿಳಿಯಲು ಹ್ಯಾಕರ್ ಬೇಕಿಲ್ಲ. ಚೀಟಿ ಬರೆಸುವ ಕೌಂಟರ್ ಸಾಕು.

ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಒಂದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ (ಒಪಿಡಿ) ಹೋಗಿ ನಿಲ್ಲಿ. ಹಳ್ಳಿ ಕಡೆಯ ಬಸ್ಸುಗಳು ಆಗಷ್ಟೇ ಜನರನ್ನು ಇಳಿಸಿ ಹೋಗಿರುತ್ತವೆ. ಕಿಂಡಿಯ ಮುಂದೆ ಸಾಲು. ಒಳಗೆ ಕೂತವರು ಹೆಸರು, ವಯಸ್ಸು, ಊರು ಕೇಳುತ್ತಾರೆ. ಆಮೇಲೆ "ಏನು ತೊಂದರೆ?" ಅನ್ನುತ್ತಾರೆ. ಮಧ್ಯೆ ಗಾಜು, ಸುತ್ತ ಗದ್ದಲ, ಜುಲೈ ಆದರೆ ತಗಡಿನ ಮೇಲೆ ಮಳೆಯ ಸದ್ದು ಬೇರೆ. ಕೇಳುವವರೂ ಜೋರಾಗಿ ಕೇಳಬೇಕು, ಹೇಳುವವರೂ ಜೋರಾಗಿ ಹೇಳಬೇಕು. ಬಿಳಿ ಸೆರಗಿನ ತೊಂದರೆಗೆ ಬಂದ ಹೆಂಗಸಿನ ಹಿಂದೆ ಅವಳ ಮಗನ ಮೇಷ್ಟ್ರು ನಿಂತಿರುತ್ತಾರೆ. ಪಕ್ಕದ ಬೆಂಚಿನಲ್ಲಿ ಗಂಡನ ಚಿಕ್ಕಪ್ಪ. ಅವಳು "ಹೊಟ್ಟೆನೋವು" ಅಂತಾಳೆ. ಚೀಟಿಯಲ್ಲಿ ಹೊಟ್ಟೆನೋವು ಅಂತಲೇ ಬೀಳುತ್ತದೆ. ಸ್ತ್ರೀರೋಗ ತಜ್ಞರ ಬದಲು ಬೇರೆ ಡಾಕ್ಟರ ಮುಂದೆ ಕೂರುತ್ತಾಳೆ. ಅಲ್ಲೂ ಬಾಗಿಲು ತೆರೆದೇ ಇರುತ್ತದೆ, ಮುಂದಿನ ಮೂವರು ಮೇಜಿನ ಸುತ್ತಲೇ ನಿಂತಿರುತ್ತಾರೆ. ಗ್ಯಾಸಿನ ಮಾತ್ರೆ ತಗೊಂಡು ಮನೆಗೆ ಹೋಗುತ್ತಾಳೆ.

ಇದನ್ನು ಬರೀ ನಾಚಿಕೆ, ಮುಜುಗರ ಅಂತ ತಳ್ಳಿಹಾಕುವವರು ಜಾಸ್ತಿ. ನನಗೆ ಇದು ಚಿಕಿತ್ಸೆಯಲ್ಲೇ ಆದ ತಪ್ಪು ಅನ್ನಿಸುತ್ತದೆ. ಡಾಕ್ಟರಿಗೆ ಸಿಕ್ಕಿದ್ದು ತಪ್ಪು ಮಾಹಿತಿ. ಆ ತಪ್ಪು ಮಾಹಿತಿಯನ್ನು ಹುಟ್ಟಿಸಿದ್ದು ಆಸ್ಪತ್ರೆಯ ವ್ಯವಸ್ಥೆಯೇ. ನಿಜ ಹೇಳಲು ಜಾಗ ಇಲ್ಲದ ಕಡೆ ಸರಿಯಾದ ಔಷಧಿಯೂ ಸಿಗುವುದಿಲ್ಲ.

ಕೈಲಾದವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಜ್ವರ, ಶೀತಕ್ಕೆ ಇಲ್ಲೇ ತೋರಿಸುತ್ತಾರೆ. ಬಾಯಿ ಬಿಟ್ಟು ಹೇಳಲಾಗದ್ದಕ್ಕೆ ಮೈಸೂರು, ಮಂಗಳೂರು, ಗಡಿ ದಾಟಿ ಕಣ್ಣೂರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಾರು ಇದ್ದವರಿಗೆ ಅದೊಂದು ದಿನದ ಕೆಲಸ. ತೋಟದಲ್ಲಿ ದಿನಗೂಲಿ ಮಾಡುವವರಿಗೆ ಅದು ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ "ಎಲ್ಲಿಗೆ ಹೋಗಿದ್ದೆ?" ಅನ್ನುವ ಪ್ರಶ್ನೆಗೆ ಉತ್ತರ. ಅವರು ಹೋಗುವುದಿಲ್ಲ. ಕಾಯಿಲೆ ತಾನಾಗಿಯೇ ಬೀದಿಗೆ ಬೀಳುವ ತನಕ ಸುಮ್ನೆ ಇರುತ್ತಾರೆ. ದುಡ್ಡಿದ್ದವರಿಗೆ ಮಾತ್ರ ಗುಟ್ಟು, ಇಲ್ಲದವರಿಗೆ ಇಲ್ಲ ಅನ್ನುವ ಸ್ಥಿತಿ ಇದು.

ಕೊಡಗಿನಲ್ಲಿ ಈ ಸಮಸ್ಯೆ ಬೇರೆ ಕಡೆಗಿಂತ ಬಿಗಿಯಾಗಿರುವುದಕ್ಕೆ ಕಾರಣ ಇದೆ. 2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ. ಕೊಡವರಲ್ಲಿ ಒಂದೊಂದು ಒಕ್ಕಕ್ಕೂ, ಅಂದರೆ ಕುಲಕ್ಕೂ, ಒಂದೊಂದು ಮನೆ ಹೆಸರು. ಅರೆಭಾಷೆ ಗೌಡರಲ್ಲೂ ಮನೆ ಹೆಸರು ಉಂಟು. ಮನೆ ಹೆಸರು ಹೇಳಿದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಕುಲದ ಮೂಲ ಮನೆಯಾದ ಐನ್‌ಮನೆ ಗೊತ್ತಾಗುತ್ತದೆ. ತೋಟದ ಕೆಲಸದವರಿಗೆ ತೋಟದ ಹೆಸರೇ ಗುರುತು. ಬೆಂಗಳೂರಿನ ಆಸ್ಪತ್ರೆಯಲ್ಲಿ "42 ವರ್ಷದ ಮಹಿಳೆ" ಅಂದರೆ ಯಾರೂ ಇರಬಹುದು. ನಾಪೋಕ್ಲು ಕಡೆಯ ಒಂದು ಹಳ್ಳಿಯಲ್ಲಿ "42 ವರ್ಷದ ಮಹಿಳೆ, ಗಂಡ ಸೇನೆಯಲ್ಲಿದ್ದಾರೆ" ಅಂದರೆ ಅಲ್ಲಿನವರಿಗೆ ಹೆಸರು ಹೇಳುವ ಅಗತ್ಯವೇ ಇಲ್ಲ. ಹೆಸರು ತೆಗೆದರೆ ಗುರುತು ಹೋಯಿತು ಅನ್ನುವ ಲೆಕ್ಕಾಚಾರ ದೊಡ್ಡ ಊರುಗಳದ್ದು. ಇಲ್ಲಿ ಅದು ನಡೆಯುವುದಿಲ್ಲ.

ಇದು ಎಲ್ಲರಿಗೂ ಅರ್ಥವಾಗಬೇಕಾದದ್ದು 2020ರ ಮಾರ್ಚ್‌ನಲ್ಲಿ. ಆಗ ರಾಜ್ಯ ಸರ್ಕಾರದ ಕೊರೊನಾ ಬುಲೆಟಿನ್‌ನಲ್ಲಿ ಹೆಸರು ಇರುತ್ತಿರಲಿಲ್ಲ. ರೋಗಿಗೆ ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಎಲ್ಲಿಂದ ಬಂದರು ಅಷ್ಟೇ. ಗುರುತು ಮುಚ್ಚಿದ್ದೇವೆ ಅನ್ನುವುದು ಸರ್ಕಾರದ ಭಾವನೆ. ಕೊಡಗಿನಂಥ ಜಿಲ್ಲೆಯಲ್ಲಿ, ಇಂಥ ದೇಶದಿಂದ ಇಂಥ ವಾರ ಯಾರು ಬಂದಿಳಿದರು ಅಂತ ಊರಿನವರಿಗೆ ಮೊದಲೇ ಗೊತ್ತಿರುತ್ತದೆ. ಅದೇ ತಿಂಗಳು ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನೂ ಸರ್ಕಾರ ಬಹಿರಂಗ ಮಾಡಿತು. ಕೈಮೇಲೆ ಸೀಲ್ ಹಾಕಿತು. ರೋಗಿಗಳು ಎಲ್ಲೆಲ್ಲಿ ಓಡಾಡಿದ್ದರು ಅಂತ ತೋರಿಸುವ ಆ್ಯಪ್ ಬಿಟ್ಟಿತು. ಆ ಪಟ್ಟಿಯಲ್ಲಿ ಇದ್ದವರಲ್ಲಿ ಎಲ್ಲರಿಗೂ ಕಾಯಿಲೆ ಇರಲಿಲ್ಲ. ಅವರು ವಿಮಾನದಲ್ಲಿ ಬಂದಿದ್ದರು ಅಷ್ಟೇ. ಆದರೂ ಪಟ್ಟಿ ವಾಟ್ಸ್ಆ್ಯಪ್‌ಗೆ ಬಿತ್ತು, ಗುಂಪಿನಿಂದ ಗುಂಪಿಗೆ ಹೋಯಿತು. ಸಾಂಕ್ರಾಮಿಕದ ಕಾಲದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಲೇಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹುಡುಕುವವರಿಗೆ ಬೇಕಾದ ಪಟ್ಟಿ ಊರಿಗೆಲ್ಲ ಏಕೆ ಬೇಕಿತ್ತು ಅನ್ನುವುದೇ ಪ್ರಶ್ನೆ. ಅದಕ್ಕೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ.

ಕೊರೊನಾ ಹೋಯಿತು, ಆ ಅಭ್ಯಾಸ ಉಳಿಯಿತು. ಕ್ಷಯರೋಗದ ವಿಷಯ ನೋಡಿ. 2012ರಿಂದ ಟಿಬಿ ಪ್ರಕರಣಗಳನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ಖಾಸಗಿ ಡಾಕ್ಟರ್‌ಗಳಿಗೂ. ಇದು ಸರಿಯಾದ ನಿಯಮವೇ. ಮಾಹಿತಿ ಹೋಗಬೇಕಾದದ್ದು ನಿಕ್ಷಯ್ ಅನ್ನುವ ಸರ್ಕಾರಿ ವ್ಯವಸ್ಥೆಗೆ. ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಮೊದಲು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. 2022ರಿಂದ ದಾನಿಗಳು ಆಹಾರದ ಕಿಟ್ ಕೊಡುವ ನಿಕ್ಷಯ್ ಮಿತ್ರ ಯೋಜನೆಯೂ ಇದೆ. ಉದ್ದೇಶ ಒಳ್ಳೆಯದು. ಆದರೆ ಎಷ್ಟೋ ಕಡೆ ಕಿಟ್ ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಹಿಂದೆ ಬ್ಯಾನರ್. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಕ್ಷಯ ಅನ್ನುವ ಪದ. ಮುಂದೆ ಬೇಳೆ, ಎಣ್ಣೆ ಹಿಡಿದು ನಿಂತ ರೋಗಿಯ ಮುಖ. ಆ ಫೋಟೋ ಸಂಜೆಯೊಳಗೆ ಹತ್ತು ಗುಂಪುಗಳಲ್ಲಿ ಇರುತ್ತದೆ. ಯೋಜನೆಗೆ ಸೇರಲು ರೋಗಿಯ ಒಪ್ಪಿಗೆ ಬೇಕು ಅಂತ ನಿಯಮ ಹೇಳುತ್ತದೆ. ಕಿಟ್ ಬೇಕು ಅಂದವನು ಫೋಟೋಕ್ಕೂ ಒಪ್ಪಿದ ಅಂತ ಅರ್ಥವಾ? ಕೈಯಲ್ಲಿ ಚೀಲ ಹಿಡಿದು ನಿಂತವನು "ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ಫೋಟೋ ತೆಗೆಯುವವರಿಗೂ ಗೊತ್ತು.

ಆ ರೋಗಿ ಇರುವುದು ತೋಟದ ಕೆಲಸದವರ ಲೈನ್ ಮನೆಯಲ್ಲಾದರೆ ಇನ್ನೂ ಕಷ್ಟ. ಒಂದೇ ಮಾಡಿನ ಕೆಳಗೆ ಎಂಟೋ ಹತ್ತೋ ಕೋಣೆ, ಮಧ್ಯೆ ಒಂದು ಗೋಡೆ. ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದು ಮಾತ್ರೆ ವಿಚಾರಿಸಿದರೆ ಸಾಲಿಗೆಲ್ಲ ಕೇಳಿಸುತ್ತದೆ. ಟಿಬಿ ಮಾತ್ರೆ ಸರಿಯಾಗಿ ಶುರುವಾದ ಕೆಲವೇ ವಾರಗಳಲ್ಲಿ ಬಹುತೇಕರಿಂದ ಸೋಂಕು ಹರಡುವುದು ನಿಲ್ಲುತ್ತದೆ. ಇದು ಸಾಲಿನ ಜನಕ್ಕೆ ಗೊತ್ತಿಲ್ಲ. ಅವರ ಮಕ್ಕಳ ಜೊತೆ ಆಡಬೇಡ ಅನ್ನುವುದು ಶುರುವಾಗುತ್ತದೆ. ನಲ್ಲಿ ಹತ್ತಿರ ನೀರು ಹಿಡಿಯುವಾಗ ಜಗಳ. ಒಂದು ರಾತ್ರಿ ಆ ಕುಟುಂಬ ಗಂಟುಮೂಟೆ ಕಟ್ಟಿ ಬೇರೆ ತೋಟಕ್ಕೆ ಹೋದರೆ ಆರು ತಿಂಗಳ ಮಾತ್ರೆ ಮಧ್ಯದಲ್ಲೇ ನಿಲ್ಲುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಮಾತ್ರೆಗೆ ಬಗ್ಗದ ಟಿಬಿ ಆಗಬಹುದು. ಗುಟ್ಟು ಕಾಪಾಡಿದರೆ ರೋಗ ಹರಡುತ್ತದೆ ಅನ್ನುವವರು ಇದನ್ನು ಯೋಚಿಸಬೇಕು. ಎಷ್ಟೋ ಸಲ ರೋಗ ಹರಡುವುದು ಗುಟ್ಟು ಒಡೆದದ್ದಕ್ಕೇ.

ಕೊಡಗಿನ ಇನ್ನೊಂದು ಸೋರಿಕೆಯ ಬಗ್ಗೆ ಚರ್ಚೆಯೇ ಆಗುವುದಿಲ್ಲ. ಅದು ಭಾಷೆ. ಈ ಪುಟ್ಟ ಜಿಲ್ಲೆಯ ಆಸ್ಪತ್ರೆಗೆ ಬರುವವರು ಆಡುವ ಭಾಷೆಗಳನ್ನು ನೋಡಿ: ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ, ತಮಿಳು, ಯರವರ ಮಾತು, ಜೇನುಕುರುಬರ ಮಾತು. ಈಗ ಕಾಫಿ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರ ಅಸ್ಸಾಮಿ, ಬಂಗಾಳಿ, ಹಿಂದಿ. ಡಾಕ್ಟರು ಬೇರೆ ಜಿಲ್ಲೆಯವರಾಗಿದ್ದರೆ ಇದರಲ್ಲಿ ಅರ್ಧ ಅರ್ಥವಾಗುವುದಿಲ್ಲ. ಆಗ ಯಾರೋ ಒಬ್ಬರು ಮಧ್ಯೆ ಬರಬೇಕು. ಆ ಒಬ್ಬರು ಸಾಮಾನ್ಯವಾಗಿ ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿ, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ್. ಜೀಪಿನಲ್ಲಿ ಕರೆತಂದವರೂ ಅವರೇ, ಖರ್ಚು ಕೊಡುವವರೂ ಅವರೇ.

ಆ ಕೋಣೆಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಅಸ್ಸಾಂನ ಹುಡುಗಿ ಒಬ್ಬಳು ಸ್ಟೂಲಿನ ಮೇಲೆ ಕೂತಿದ್ದಾಳೆ. ವಾಂತಿ, ತಲೆಸುತ್ತು. ಡಾಕ್ಟರು ಕನ್ನಡದಲ್ಲಿ ಕೇಳುತ್ತಾರೆ: "ಮುಟ್ಟಾಗಿ ಎಷ್ಟು ದಿನ ಆಯ್ತು?" ಮೇಸ್ತ್ರಿ ಅದನ್ನು ಹಿಂದಿಯಲ್ಲಿ ಕೇಳಬೇಕು. ಅವನಿಗೂ ಕಷ್ಟ, ಅವಳಿಗೂ ಕಷ್ಟ. ಅವನು ಪ್ರಶ್ನೆಯನ್ನು ಅರ್ಧ ಮಾಡಿ ಕೇಳುತ್ತಾನೆ. ಅವಳು ನೆಲ ನೋಡುತ್ತಾಳೆ. "ಸರಿಯಾಗಿದೆಯಂತೆ ಸಾರ್" ಅಂತ ಅವನೇ ಉತ್ತರ ಕೊಡುತ್ತಾನೆ. ನಾಳೆ ಕೆಲಸ ಕೊಡುವುದೋ ಬಿಡುವುದೋ ತೀರ್ಮಾನಿಸುವ ಮನುಷ್ಯನ ಎದುರು ಅವಳು ನಿಜ ಹೇಳಬೇಕು ಅಂತ ನಾವು ಬಯಸುತ್ತಿದ್ದೇವೆ. ಗರ್ಭಿಣಿ ಅಂತ ಗೊತ್ತಾದರೆ ಭಾರದ ಕೆಲಸದಿಂದ ತೆಗೆಯುತ್ತಾರೆ, ಕೂಲಿ ಹೋಗುತ್ತದೆ ಅನ್ನುವ ಹೆದರಿಕೆ ಅವಳದ್ದು. ಅವಳಿಗೆ ಮೈಮೇಲೆ ಪೆಟ್ಟಿನ ಗುರುತು ಇದ್ದರೆ? ಹೊಡೆದವನೇ ಭಾಷಾಂತರ ಮಾಡುತ್ತಿದ್ದರೆ?

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಆಸ್ಪತ್ರೆಯಲ್ಲೇ ಹಿಂದಿ ಬರುವ ಒಬ್ಬ ಸಿಸ್ಟರ್ ಇರುತ್ತಾರೆ. ಮಲಯಾಳ ಬರುವವರಂತೂ ಧಾರಾಳ. ಯಾರಿಗೆ ಯಾವ ಭಾಷೆ ಬರುತ್ತದೆ ಅನ್ನುವ ಪಟ್ಟಿಯೊಂದನ್ನು ಒಪಿಡಿಯಲ್ಲಿ ಇಟ್ಟುಕೊಂಡರೆ, ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಬಹುದು. ಸಿಬ್ಬಂದಿ ಸಿಗದಿದ್ದರೆ ಫೋನಿನಲ್ಲಿ ಬೇರೆ ಆಸ್ಪತ್ರೆಯ ಒಬ್ಬರನ್ನು ಹಿಡಿದು ಮಾತಾಡಿಸಬಹುದು. ಫೋನಿನ ಆ ಕಡೆಯವರಿಗೆ ಇವಳ ಮುಖ ಗೊತ್ತಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.

ಆದಿವಾಸಿಗಳು ಇರುವ ಹಾಡಿಗಳ ವಿಷಯ ಬೇರೆಯದೇ. ಬುಡಕಟ್ಟು ಪ್ರದೇಶಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಪತ್ತೆ ಮಾಡಲು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ದೊಡ್ಡ ತಪಾಸಣಾ ಕಾರ್ಯಕ್ರಮ ಶುರು ಮಾಡಿತು. 40 ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ. ಇದು ರಕ್ತದ ಜೊತೆಗೆ ವಂಶವನ್ನೂ ಮುಟ್ಟುವ ಮಾಹಿತಿ. ಒಬ್ಬ ಹುಡುಗಿಯಲ್ಲಿ ವಂಶದಿಂದ ಬರುವ ಆ ಕಾಯಿಲೆಯ ಗುಣ ಇದೆ ಅಂದರೆ ಅವಳ ಅಪ್ಪ ಅಮ್ಮರಲ್ಲಿ ಒಬ್ಬರಲ್ಲಾದರೂ ಇದೆ ಅಂತಾಯಿತು, ಅಣ್ಣ ತಮ್ಮಂದಿರಲ್ಲೂ ಇರಬಹುದು. ಆ ಗುಣ ಬರೀ ಹೊತ್ತಿರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಾತ್ರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಫಲಿತಾಂಶವನ್ನು ಹಾಡಿಯ ಮಧ್ಯೆ ಹೆಸರು ಕೂಗಿ ಕೊಟ್ಟರೆ ಈ ಸೂಕ್ಷ್ಮ ಯಾರ ತಲೆಯಲ್ಲೂ ಉಳಿಯುವುದಿಲ್ಲ. "ಅವಳಿಗೆ ರಕ್ತದ ಕಾಯಿಲೆ" ಅನ್ನುವುದು ಉಳಿಯುತ್ತದೆ. ಮದುವೆ ಮಾತು ಅಲ್ಲಿಗೆ ನಿಲ್ಲುತ್ತದೆ. ಫಲಿತಾಂಶ ಹೇಳುವುದನ್ನು ಮನೆಯೊಳಗೆ, ಒಬ್ಬೊಬ್ಬರಿಗೆ, ಕೂತು ವಿವರಿಸಿ ಹೇಳಬೇಕು. ತಪಾಸಣೆಗೆ ಕೊಟ್ಟಷ್ಟೇ ಸಮಯವನ್ನು ಇದಕ್ಕೂ ಕೊಡಬೇಕು.

ಇನ್ನು ಮನೆಯವರು. ಹೊರಗಿನವರಿಂದ ಕಾಪಾಡುವುದು ಒಂದು. ಮನೆಯವರಿಗೆ ಎಷ್ಟು ಹೇಳಬೇಕು ಅನ್ನುವುದು ಇನ್ನೊಂದು, ಅದು ಇನ್ನೂ ತೊಡಕಿನದು. ನಮ್ಮಲ್ಲಿ ಅಮ್ಮನಿಗೆ ಕ್ಯಾನ್ಸರ್ ಅಂದರೆ ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳುತ್ತಾರೆ. ಮಗ ಅಕ್ಕನಿಗೆ ಹೇಳುತ್ತಾನೆ, ಅಕ್ಕ ಭಾವನಿಗೆ ಹೇಳುತ್ತಾಳೆ. ತಿಳಿಯದೇ ಇರುವುದು ಅಮ್ಮನಿಗೆ ಮಾತ್ರ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ದೇಹ ಅಮ್ಮನದ್ದು. ತೋಟ ಯಾರ ಹೆಸರಿಗೆ, ಮೊಮ್ಮಗಳ ಮದುವೆ ಯಾವಾಗ, ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬರುವುದಾ ಅಂತ ತೀರ್ಮಾನಿಸಬೇಕಾದವಳೂ ಅವಳೇ. ಡಾಕ್ಟರು ಮೊದಲು ರೋಗಿಯ ಹತ್ತಿರ ಒಂದು ಮಾತು ಕೇಳಿದರೆ ಸಾಕು: "ಅಮ್ಮಾ, ರಿಪೋರ್ಟ್ ಬಂದ ಮೇಲೆ ನಿಮಗೇ ಹೇಳಲಾ, ಮಗನಿಗೂ ಹೇಳಲಾ?" "ಅವನಿಗೇ ಹೇಳಿ, ನನಗೆ ಬೇಡ" ಅನ್ನುವ ಅಮ್ಮಂದಿರೂ ಇದ್ದಾರೆ. ಅದೂ ಅವರ ಹಕ್ಕೇ.

ಕಾನೂನು ಏನು ಹೇಳುತ್ತದೆ? ಜಾಸ್ತಿ ಜನ ತಿಳಿದಿರುವುದಕ್ಕಿಂತ ಗಟ್ಟಿಯಾಗಿಯೇ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಾಕ್ಟರ್‌ಗಳ ವೃತ್ತಿಯ 2002ರ ನಿಯಮಗಳು ಇನ್ನೂ ಹಳೆಯವು. ಚಿಕಿತ್ಸೆ ಮಾಡುವಾಗ ತಿಳಿದ ರೋಗಿಯ ಗುಟ್ಟನ್ನು ಡಾಕ್ಟರ್ ಹೊರಗೆ ಹೇಳಬಾರದು ಅಂತ ಅದರಲ್ಲಿ ಇದೆ. ಮೂರು ಸಂದರ್ಭಗಳಿಗೆ ಮಾತ್ರ ವಿನಾಯಿತಿ: ನ್ಯಾಯಾಧೀಶರು ಆದೇಶ ಕೊಟ್ಟಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ನಿಜವಾದ ಗಂಭೀರ ಅಪಾಯ ಇದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಆಗಿದ್ದಾಗ. ಗುರುತು ಸಿಗುವ ಹಾಗೆ ರೋಗಿಯ ಫೋಟೋವನ್ನಾಗಲಿ ಕೇಸಿನ ವಿವರವನ್ನಾಗಲಿ ಅವರ ಅನುಮತಿ ಇಲ್ಲದೆ ಪ್ರಕಟಿಸುವ ಹಾಗಿಲ್ಲ. ರೋಗಿ ತನ್ನದೇ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದೂ ಅದೇ ನಿಯಮದಲ್ಲಿದೆ. ಊರಿಗೆಲ್ಲ ಗೊತ್ತಾಗುವ ಫೈಲು ರೋಗಿಗೆ ಮಾತ್ರ ಸಿಗದೆ ಅಲೆದಾಡುವ ಪರಿಸ್ಥಿತಿ ನೋಡಿದವರಿಗೆ ಈ ಸಾಲಿನ ಬೆಲೆ ಗೊತ್ತು.

ಕೆಲವು ಕಾಯಿಲೆ, ಕೆಲವು ಸ್ಥಿತಿಗಳಿಗೆ ಪ್ರತ್ಯೇಕ ರಕ್ಷಣೆ ಇದೆ. ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೆಲಸ ಕೊಡುವುದಕ್ಕೆ ಎಚ್‌ಐವಿ ಪರೀಕ್ಷೆ ಮಾಡಿಸಿ ಅನ್ನುವ ಹಾಗಿಲ್ಲ. ತೋಟಕ್ಕೂ ಹೋಂಸ್ಟೇಗೂ ಇದೇ ನಿಯಮ. ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಇದೆ. ಅದರಲ್ಲಿ ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಸೇರುತ್ತದೆ. ಕುಡಿತ ಬಿಡಲು ಚಿಕಿತ್ಸೆಗೆ ಹೋದವನ ಹೆಸರು, ಫೋಟೋ ಅವನ ಒಪ್ಪಿಗೆ ಇಲ್ಲದೆ ಪತ್ರಿಕೆಗೆ ಕೊಡುವುದು ಕಾನೂನಿಗೆ ವಿರುದ್ಧ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು ಬಿಟ್ಟುಕೊಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಇದು ಬಂತು. 18 ತುಂಬದ ಹುಡುಗಿ ಗರ್ಭಿಣಿಯಾಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಅವಳೂ ಅವಳ ಪೋಷಕರೂ ಕೇಳಿಕೊಂಡರೆ, ಆ ವರದಿಯಲ್ಲಿ ಡಾಕ್ಟರ್ ಅವಳ ಗುರುತು ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಸಣ್ಣ ಊರಿನಲ್ಲಿ ಆ ಒಂದು ಸಾಲು ಒಬ್ಬ ಹುಡುಗಿಯನ್ನು ನಾಟಿ ಮದ್ದಿನಿಂದ, ಕದ್ದುಮುಚ್ಚಿ ಮಾಡುವ ಗರ್ಭಪಾತದಿಂದ ಉಳಿಸಬಲ್ಲದು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ತನಕ ತಲುಪಬೇಕು ಅಷ್ಟೇ.

ಈಗ ಎಲ್ಲರ ಬಾಯಲ್ಲಿರುವುದು ಹೊಸ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ. 2023ರ ಆಗಸ್ಟ್‌ನಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ 2027ರ ಮೇ ತನಕ. ಮಾಹಿತಿ ಕಾಪಾಡಲು ಸೋತರೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಭಾರಿ ಅನ್ನಿಸುತ್ತದೆ. ಕೊಡಗಿನ ರೋಗಿಯ ಕಡೆಯಿಂದ ನೋಡಿದರೆ ಇದರಲ್ಲಿ ಕೊರತೆಗಳಿವೆ. ಹೆಸರೇ ಹೇಳುವ ಹಾಗೆ ಇದು ಡಿಜಿಟಲ್ ಮಾಹಿತಿಗೆ ಮಾತ್ರ. ಕೌಂಟರ್ ಮೇಲೆ ತೆರೆದಿಟ್ಟ ದಪ್ಪ ರಿಜಿಸ್ಟರ್, ಲ್ಯಾಬ್ ಕಿಟಕಿಯಲ್ಲಿ ಯಾರು ಬೇಕಾದರೂ ಕೆದಕಿ ತಮ್ಮ ರಿಪೋರ್ಟ್ ಹುಡುಕಿಕೊಳ್ಳುವ ರಾಶಿ, ಮೆಡಿಕಲ್ ಶಾಪಿನವರು ಎಲ್ಲರೆದುರು ಕೂಗಿ ಹೇಳುವ ಮಾತ್ರೆಯ ಹೆಸರು, ಇದ್ಯಾವುದೂ ಅದರ ಕೈಗೆ ಸಿಗುವುದಿಲ್ಲ. 2011ರ ಹಳೆಯ ಐಟಿ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆ ಇಲ್ಲ. ದಂಡದ ದುಡ್ಡು ಹೋಗುವುದೂ ಸರ್ಕಾರದ ಖಜಾನೆಗೆ. ಮದುವೆ ಮುರಿದುಬಿದ್ದವಳಿಗೆ, ಕೆಲಸ ಹೋದವನಿಗೆ ಈ ಕಾಯ್ದೆಯಿಂದ ಪರಿಹಾರ ಸಿಗುವುದಿಲ್ಲ.

ಹಾಗಂತ ಮೊಬೈಲ್ ಕಡೆ ಗಮನ ಬೇಡ ಅಂತಲ್ಲ. 2021ರಿಂದ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಬಂದಿದೆ. ಒಪಿಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ತಗೊಳ್ಳಬಹುದು. ಕಿಂಡಿಯ ಮುಂದೆ ಕೂಗಿ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ. ದಾಖಲೆ ಬೇರೆಯವರು ನೋಡಬೇಕಾದರೆ ರೋಗಿಯ ಒಪ್ಪಿಗೆ ಬೇಕು ಅನ್ನುವುದು ಈ ವ್ಯವಸ್ಥೆಯ ಬುನಾದಿ. ಆದರೆ ಒಪ್ಪಿಗೆಯ ಒಟಿಪಿ ಬರುವುದು ಫೋನಿಗೆ. ಫೋನ್ ಇಲ್ಲದವರಿಗೆ ಮೇಸ್ತ್ರಿಯ ನಂಬರ್ ಕೊಟ್ಟರೆ, ಹೆಂಡತಿಯ ದಾಖಲೆಗೆ ಗಂಡನ ನಂಬರ್ ಸೇರಿಸಿದರೆ, ಒಪ್ಪಿಗೆ ಕೊಡುವವರು ಬೇರೆಯವರೇ ಆಗುತ್ತಾರೆ. ಲ್ಯಾಬ್‌ಗಳು ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟ್ ಕಳಿಸುವಾಗಲೂ ಇದೇ ಕಥೆ. ಮನೆಗೊಂದೇ ಸ್ಮಾರ್ಟ್‌ಫೋನ್, ಅದು ಹತ್ತನೇ ಕ್ಲಾಸಿನ ಮಗನ ಕೈಯಲ್ಲಿ. "ಈ ನಂಬರಿಗೆ ರಿಪೋರ್ಟ್ ಕಳಿಸಬಹುದಾ, ಇದು ಯಾರ ಫೋನ್?" ಅಂತ ಒಂದು ಮಾತು ಕೇಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಡಾಕ್ಟರ್‌ಗಳು ತಮ್ಮ ಗುಂಪುಗಳಲ್ಲಿ ಸಲಹೆ ಕೇಳಲು ಎಕ್ಸ್‌ರೇ, ಗಾಯದ ಫೋಟೋ ಹಾಕುತ್ತಾರೆ. ಮಳೆಗಾಲದಲ್ಲಿ ದಾರಿ ಕುಸಿದು ಮೈಸೂರಿಗೆ ಕಳಿಸಲಾಗದ ರಾತ್ರಿ ಅಂಥ ಸಲಹೆ ಜೀವ ಉಳಿಸುತ್ತದೆ. ಫಿಲ್ಮಿನ ಮೂಲೆಯಲ್ಲಿರುವ ಹೆಸರನ್ನು ಮುಚ್ಚಿ ಫೋಟೋ ತೆಗೆಯಲು ಬೇಕಾದದ್ದು ಒಂದು ಬೆರಳು.

ಇಷ್ಟೆಲ್ಲ ಹೇಳುವಾಗ ಒಂದು ಮಾತು ಎದುರಾಗುತ್ತದೆ, ಅದನ್ನು ನಾನು ಗೌರವದಿಂದಲೇ ನೋಡುತ್ತೇನೆ. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿರುವುದರಿಂದಲೇ ಅಲ್ವಾ ಕೊಡಗು ಉಳಿದಿರುವುದು ಅಂತ ಹಿರಿಯರು ಕೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಯಾರಿಗೆ ಇನ್ಸುಲಿನ್ ಬೇಕು, ಯಾರಿಗೆ ಬಿಪಿ ಮಾತ್ರೆ ಮುಗಿದಿದೆ ಅಂತ ಪಕ್ಕದ ಮನೆಯವರಿಗೆ ಗೊತ್ತಿದ್ದರೆ ಅದು ಉಪಕಾರವೇ. ಆಪರೇಷನ್ ಅಂದರೆ ರಕ್ತ ಕೊಡಲು ಹುಡುಗರು ಬೈಕ್ ಹತ್ತಿ ಬರುತ್ತಾರೆ. ಸಂಘದವರು ದುಡ್ಡು ಕೂಡಿಸುತ್ತಾರೆ. ಈ ಗುಣ ಹೋಗಬಾರದು. ಆದರೆ ಅಲ್ಲಿ ಕಾಯಿಲೆ ಹೇಳಿಕೊಂಡವರು ರೋಗಿಯೋ ಮನೆಯವರೋ ತಾವಾಗಿಯೇ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅಂತ ಅವರೇ ತೀರ್ಮಾನಿಸಿದ್ದಾರೆ. ಶುಗರ್ ಅಂತ ಧಾರಾಳವಾಗಿ ಹೇಳುವ ಅದೇ ಮನುಷ್ಯ, ಮಗಳು ಮಾನಸಿಕ ತಜ್ಞರ ಹತ್ತಿರ ಹೋಗುತ್ತಾಳೆ ಅನ್ನುವುದನ್ನು ಹೇಳದೇ ಇರಬಹುದು. ಆ ಆಯ್ಕೆಯನ್ನು ಅವನ ಕೈಯಿಂದ ಆಸ್ಪತ್ರೆ ಕಿತ್ತುಕೊಳ್ಳಬಾರದು.

ಸಿಬ್ಬಂದಿಯನ್ನು ದೂರಿ ಪ್ರಯೋಜನ ಇಲ್ಲ. ಒಂದು ಬೆಳಿಗ್ಗೆಯಲ್ಲಿ ನೂರಾರು ಜನರನ್ನು ನೋಡುವ ಡಾಕ್ಟರು ಬಾಗಿಲು ಮುಚ್ಚಿದರೆ ಹೊರಗಿನಿಂದ ಬಡಿಯುವವರು ನಾವೇ. ಸಾಲಿನಲ್ಲಿ ಮುಂದಿನವರ ಭುಜಕ್ಕೆ ಅಂಟಿ ನಿಲ್ಲುವವರೂ ನಾವೇ. ಕಿಂಡಿಯಿಂದ ಐದಡಿ ಹಿಂದೆ ನೆಲಕ್ಕೆ ಒಂದು ಹಳದಿ ಗೆರೆ, ಒಳಗೆ ಒಬ್ಬರನ್ನೇ ಬಿಡುವ ಟೋಕನ್, ಪರೀಕ್ಷೆಯ ಮಂಚಕ್ಕೆ ಪರದೆ, ರಿಪೋರ್ಟಿಗೆ ಲಕೋಟೆ, ಚೀಟಿಯಲ್ಲಿ ಕಾಯಿಲೆ ಬರೆಯುವ ಬದಲು ಯಾವ ವಿಭಾಗ ಅಂತ ಮಾತ್ರ ಬರೆಯುವುದು. ಮಹಿಳೆಯರ ತೊಂದರೆಗೆ ಬಂದವರು ಬಾಯಿ ಬಿಡದೆ ಬೆರಳಿಟ್ಟು ತೋರಿಸುವ ಹಾಗೆ ವಿಭಾಗಗಳ ಹೆಸರು, ಚಿತ್ರ ಇರುವ ಒಂದು ಹಲಗೆಯನ್ನು ಕಿಂಡಿಯ ಪಕ್ಕ ತೂಗುಹಾಕಬಹುದು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಸ್ಥಳೀಯವಾಗಿ ಖರ್ಚು ಮಾಡಲು ಅದಕ್ಕೆ ಹಣವೂ ಇರುತ್ತದೆ. ಪರದೆ, ಹಲಗೆ, ಬಣ್ಣಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ. ಆ ಸಮಿತಿಯಲ್ಲಿ ಇರುವವರು ನಮ್ಮ ಊರಿನವರೇ, ಸಭೆಗೆ ಮೊದಲು ಅವರ ಕಿವಿಗೆ ಹಾಕಿದರೆ ವಿಷಯ ಚರ್ಚೆಗೆ ಬರುತ್ತದೆ.

ಗುಟ್ಟು ಒಡೆದೇ ಹೋಗಿದ್ದರೆ ದೂರು ಕೊಡಲು ದಾರಿಗಳಿವೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ಆದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯಡಿ ಜಿಲ್ಲಾ ಮಟ್ಟದ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ದೂರನ್ನು ಮಡಿಕೇರಿಯಲ್ಲೇ ಕೊಡಬಹುದು. ಸರ್ಕಾರಿ ಆಸ್ಪತ್ರೆ ಆದರೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಡಾಕ್ಟರೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ದೂರು ಬರೆಯುವಾಗ ಯಾವ ದಿನ, ಯಾವ ಕೋಣೆ, ಯಾರೆದುರು ಏನು ಹೇಳಿದರು ಅಂತ ಬರೆಯಿರಿ. ಕಾಯಿಲೆಯ ಹೆಸರು ಬರೆಯಲೇಬೇಕಾಗಿಲ್ಲ. ಮೇಲೆ "ಈ ಅರ್ಜಿಯ ವಿವರ ಗೋಪ್ಯವಾಗಿಡಿ" ಅಂತ ಒಂದು ಸಾಲು ಸೇರಿಸಿ, ಸ್ವೀಕೃತಿ ತಗೊಂಡು ಬನ್ನಿ.